ತಮ್ಮನಿಗೆ ಕೇಳಿಸುವ ಮಾತು ನಮಗೇಕೆ ಕೇಳಿಸುವುದಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕುಮಟಾ ಹತ್ತಿರದ ಹಳ್ಳಿ. ನನ್ನ ತಮ್ಮನಿಗೆ 23 ವರ್ಷ. ಗೋವಾದಲ್ಲಿ ಹೋಟೆಲ್ ಕೆಲಸಕ್ಕೆ ಹೋಗಿ ಮೂರು ವರ್ಷ ಇದ್ದ. ಹೋದ ಚೌತಿಗೆ ಬಂದವನು ತಿರುಗಿ ಹೋಗಲಿಲ್ಲ. ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ಸ್ನಾನ ಮಾಡುವುದಿಲ್ಲ, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾನೆ. ಪಕ್ಕದ ಮನೆಯವರು ಇಡೀ ದಿನ ತನ್ನ ವಿಷಯವೇ ಆಡಿಕೊಳ್ಳುತ್ತಾರೆ ಅನ್ನುತ್ತಾನೆ. ‘ಈಗ ಎದ್ದ, ಈಗ ತಟ್ಟೆ ಹಿಡಿದ, ನೋಡು ಹೇಗೆ ತಿಂತಾನೆ’ ಎಂದು ಇಬ್ಬರು ಗಂಡಸರು ಹೇಳುತ್ತಾರಂತೆ. ಆ ಮನೆಯಲ್ಲಿ ಇರುವುದು ಒಬ್ಬ ಅಜ್ಜಿ ಮಾತ್ರ. ಒಮ್ಮೊಮ್ಮೆ ಕೊಂಕಣಿಯಲ್ಲಿ ಯಾರಿಗೋ ಬೈಯುತ್ತಾನೆ, ನಗುತ್ತಾನೆ. ನಮ್ಮ ಮನೆಯಲ್ಲಿ ಯಾರೂ ಕೊಂಕಣಿ ಆಡುವವರಲ್ಲ. ಗೋವಾದಿಂದ ಏನೋ ಮೈಮೇಲೆ ಬಂದಿದೆ ಎಂದು ಆಯಿಗೆ ಹೆದರಿಕೆ. ದೇವಸ್ಥಾನದಲ್ಲಿ ಪ್ರಸಾದ ಕೇಳಿದೆವು, ಚೌಡಿಗೆ ಕೋಳಿ ಕೊಟ್ಟೆವು. ಅಪ್ಪ ಇದೆಲ್ಲ ಕೆಲಸ ತಪ್ಪಿಸಿಕೊಳ್ಳುವ ನಾಟಕ ಎಂದು ಒಂದೆರಡು ಸಲ ಹೊಡೆದರು. ಒಬ್ಬ ಡಾಕ್ಟರು ಗುಳಿಗೆ ಕೊಟ್ಟರು. ನಾಲ್ಕನೇ ದಿನ ಕುತ್ತಿಗೆ ಒಂದು ಬದಿಗೆ ಸೆಟೆದು ನಿಂತಿತು. ಹೆದರಿ ನಿಲ್ಲಿಸಿಬಿಟ್ಟೆವು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಆಯಿ ಹಟ ಹಿಡಿದಿದ್ದಾರೆ. ಅವನಿಗೆ ನಿಜವಾಗಿ ಕೇಳಿಸುತ್ತದೆಯಾ? ಅವನು ಹಾಗೆ ಹೇಳಿದಾಗ ನಾವು ಹೌದು ಅನ್ನಬೇಕಾ, ಇಲ್ಲ ಅನ್ನಬೇಕಾ? ನನ್ನ ನಾಲ್ಕು ವರ್ಷದ ಮಗಳೂ ಅದೇ ಮನೆಯಲ್ಲಿದ್ದಾಳೆ. ಹೆದರಬೇಕಾ?

ಉತ್ತರ: ಮೊದಲ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಹೌದು, ಅವನಿಗೆ ನಿಜವಾಗಿಯೂ ಕೇಳಿಸುತ್ತದೆ. ನಾಟಕ ಅಲ್ಲ, ನೆಪ ಅಲ್ಲ. ನೀವು ಅಡುಗೆಮನೆಯಿಂದ ಕರೆದರೆ ಹೇಗೆ ಕೇಳಿಸುತ್ತದೋ ಅಷ್ಟೇ ಸ್ಪಷ್ಟವಾಗಿ ಆ ಇಬ್ಬರು ಗಂಡಸರ ಮಾತು ಅವನ ಕಿವಿಗೆ ಬೀಳುತ್ತದೆ. ಅವರು ಅಲ್ಲಿಲ್ಲ ಎನ್ನುವುದೂ ಅಷ್ಟೇ ನಿಜ. ಈ ಎರಡೂ ಮಾತನ್ನು ಒಟ್ಟಿಗೆ ಒಪ್ಪಿಕೊಳ್ಳುವುದು ಮನೆಯವರಿಗೆ ಕಷ್ಟ. ಆದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಪತ್ರ ಓದಿ ರೋಗ ಇಂಥದೇ ಎಂದು ಹೇಳುವುದು ಸರಿಯಲ್ಲ, ಅವನನ್ನು ಒಬ್ಬ ಮನೋವೈದ್ಯರು ನೋಡಲೇಬೇಕು. ಆದರೂ ನೀವು ಬರೆದಿರುವುದು ಸ್ಕಿಜೋಫ್ರೀನಿಯಾ ಎನ್ನುವ ಮಾನಸಿಕ ಕಾಯಿಲೆಗೆ ತುಂಬ ಹತ್ತಿರ ಇದೆ. ವಯಸ್ಸು ಕೂಡ ಅದೇ. ಗಂಡುಮಕ್ಕಳಲ್ಲಿ ಇದು ಹೆಚ್ಚಾಗಿ ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನಲ್ಲಿ ಶುರುವಾಗುತ್ತದೆ, ಹೆಣ್ಣುಮಕ್ಕಳಲ್ಲಿ ಸ್ವಲ್ಪ ತಡವಾಗಿ. ‘ಈಗ ಎದ್ದ, ಈಗ ತಟ್ಟೆ ಹಿಡಿದ’ ಎಂದು ತಾನು ಮಾಡುವುದನ್ನೆಲ್ಲ ಯಾರೋ ಹೇಳುತ್ತಾ ಹೋಗುವುದು, ಇಬ್ಬರು ಸೇರಿ ತನ್ನ ಬಗ್ಗೆ ಚರ್ಚೆ ಮಾಡುವುದು, ಮನಸ್ಸಿಗೆ ಬಂದ ಯೋಚನೆ ಹೊರಗಿನಿಂದ ಗಟ್ಟಿಯಾಗಿ ಕೇಳಿಸುವುದು, ಇವು ಈ ಕಾಯಿಲೆಯಲ್ಲಿ ಮುಖ್ಯವಾಗಿ ಗಮನಿಸುವ ಲಕ್ಷಣಗಳು ಎಂದು ಜರ್ಮನಿಯ ಮನೋವೈದ್ಯ ಕುರ್ಟ್ ಶ್ನೈಡರ್ 1939ರಲ್ಲೇ ಗುರುತಿಸಿದ್ದರು. ನಿಮ್ಮ ತಮ್ಮ ಅವರ ಹೆಸರು ಕೇಳಿರಲಿಕ್ಕಿಲ್ಲ. ಆದರೂ ಹೇಳುತ್ತಿರುವುದು ಅದನ್ನೇ. ನಾಟಕ ಮಾಡುವವರಿಗೆ ಇಷ್ಟು ಸರಿಯಾದ ವಿವರ ಹೊಳೆಯುವುದಿಲ್ಲ. ಇದನ್ನು ದಯವಿಟ್ಟು ಅಪ್ಪನಿಗೆ ಓದಿ ಹೇಳಿ.

ಧ್ವನಿ ಕೇಳಿಸುವುದು ಹೇಗಿರುತ್ತದೆ? ನನ್ನ ಹತ್ತಿರ ಬರುವವರು ಹೇಳುವುದು ಒಬ್ಬೊಬ್ಬರದು ಒಂದೊಂದು ಥರ. ಕೆಲವರಿಗೆ ಗೋಡೆಯ ಆಚೆಯಿಂದ, ಮಾಡಿನ ಮೇಲಿಂದ. ಕೆಲವರಿಗೆ ತಲೆಯ ಒಳಗೇ. ಗುರುತಿದ್ದವರ ಧ್ವನಿ ಇರಬಹುದು, ಯಾರದೆಂದು ಗೊತ್ತಾಗದ್ದೂ ಇರಬಹುದು. ಪಿಸುಮಾತಿನಿಂದ ಹಿಡಿದು ಕಿರುಚಾಟದವರೆಗೂ ಇರುತ್ತದೆ. ಬೈಗುಳ ಜಾಸ್ತಿ. ಅದೂ ಆ ಮನುಷ್ಯನಿಗೆ ಎಲ್ಲಿ ಚುಚ್ಚಿದರೆ ನೋವಾಗುತ್ತದೋ ಅಲ್ಲೇ ಚುಚ್ಚುವಂಥ ಬೈಗುಳ. ಬೇರೆ ಸದ್ದಿನ ಜೊತೆ ಸೇರಿಕೊಂಡು ಬರುವುದೂ ಉಂಟು. ಜೂನ್, ಜುಲೈನಲ್ಲಿ ನಮ್ಮ ಕಡೆ ತಗಡಿನ ಮೇಲೆ ಮಳೆ ಹೊಡೆಯುವಾಗ, ಫ್ಯಾನ್ ತಿರುಗುವಾಗ, ಬೋಟಿನ ಎಂಜಿನ್ ಓಡುವಾಗ ಆ ಸದ್ದಿನೊಳಗೆ ಮಾತು ಕೇಳಿಸುತ್ತದೆ, ಸದ್ದು ನಿಂತರೆ ಮಾತೂ ನಿಲ್ಲುತ್ತದೆ ಎಂದು ಹೇಳಿದವರಿದ್ದಾರೆ.

ಇಡೀ ದಿನ ಹೀಗೆ ಮಾತು ಕೇಳಿಸುವವನಿಗೆ ಎಷ್ಟು ಸುಸ್ತಾಗುತ್ತದೆ ಯೋಚಿಸಿ. ನೀವು ‘ಊಟಕ್ಕೆ ಬಾ’ ಅನ್ನುವಾಗಲೇ ಇನ್ನೊಬ್ಬ ‘ಹೋಗಬೇಡ, ನಗ್ತಾರೆ’ ಅನ್ನುತ್ತಿರುತ್ತಾನೆ. ಎರಡನ್ನೂ ಕೇಳಿ, ಯಾವುದಕ್ಕೆ ಉತ್ತರ ಕೊಡಬೇಕು ಎಂದು ತೀರ್ಮಾನ ಮಾಡುವಷ್ಟರಲ್ಲಿ ನಿಮಗೆ ಅವನು ಕಿವುಡನ ಹಾಗೆ ಕೂತಂತೆ ಕಾಣುತ್ತದೆ. ಒಬ್ಬನೇ ನಗುವುದೂ ಹಾಗೆಯೇ. ಆ ಇಬ್ಬರಲ್ಲಿ ಒಬ್ಬ ಏನೋ ತಮಾಷೆ ಹೇಳಿರುತ್ತಾನೆ. ಹತ್ತಿ ಇಟ್ಟುಕೊಂಡರೆ ಉಪಯೋಗ ಇಲ್ಲ, ಯಾಕೆಂದರೆ ಸದ್ದು ಹೊರಗಿನಿಂದ ಬರುತ್ತಿಲ್ಲ. ಹೊರಗಿನ ಸದ್ದು ಕಡಿಮೆಯಾದರೆ ಎಷ್ಟೋ ಜನರಿಗೆ ಒಳಗಿನದು ಇನ್ನೂ ಜೋರಾಗುತ್ತದೆ.

ಪಕ್ಕದ ಮನೆಯವರ ಮೇಲೆ ಸಂಶಯ ಯಾಕೆ ಎಂದು ನೀವು ಕೇಳಬಹುದು. ಮಾತು ಕೇಳಿಸುತ್ತಿದೆ, ಆಡುವವರು ಕಾಣುತ್ತಿಲ್ಲ. ಹಾಗಿದ್ದರೆ ಎಲ್ಲಿಂದ ಬರುತ್ತಿದೆ? ಗೋಡೆಯ ಆಚೆಯಿಂದಲೇ ಇರಬೇಕು. ಅವನು ಹಾಕಿದ ಲೆಕ್ಕ ಅದು. ಇನ್ನು ಕೆಲವರು ಮೊಬೈಲಿನಲ್ಲಿ ಏನೋ ಹಾಕಿದ್ದಾರೆ ಎನ್ನುತ್ತಾರೆ, ಕೆಲವರು ಮಾಟ ಎನ್ನುತ್ತಾರೆ. ಅರ್ಥವಾಗದ ಒಂದು ಅನುಭವಕ್ಕೆ ಕಾರಣ ಹುಡುಕುವುದು ಯಾರಾದರೂ ಮಾಡುವ ಕೆಲಸವೇ. ದಿನ ಹೋದ ಹಾಗೆ ಆ ಕಾರಣವೇ ಗಟ್ಟಿ ನಂಬಿಕೆಯಾಗಿ ಕೂತುಬಿಡುತ್ತದೆ, ಆಮೇಲೆ ಯಾವ ಸಾಕ್ಷಿ ಕೊಟ್ಟರೂ ಅಲುಗುವುದಿಲ್ಲ.

ಕೊಂಕಣಿಯ ವಿಷಯ. ನಿಮ್ಮ ಆಯಿಯ ಹೆದರಿಕೆ ನನಗೆ ಅರ್ಥವಾಗುತ್ತದೆ. ಗೊತ್ತಿಲ್ಲದ ಭಾಷೆ ಬಾಯಲ್ಲಿ ಬಂದರೆ ಮೈಮೇಲೆ ಬಂದಿದೆ ಎಂದೇ ನಮ್ಮ ಕಡೆ ಲೆಕ್ಕ. ಆದರೆ ಕೊಂಕಣಿ ಗೊತ್ತಿಲ್ಲದ್ದು ನಿಮಗೆ, ಅವನಿಗಲ್ಲ. ಗೋವಾದ ಹೋಟೆಲಿನಲ್ಲಿ ಮೂರು ವರ್ಷ ಬೆಳಗಿನಿಂದ ರಾತ್ರಿಯವರೆಗೆ ಅವನು ಕೇಳಿದ್ದು, ಆಡಿದ್ದು, ಬೈಸಿಕೊಂಡದ್ದು ಯಾವ ಭಾಷೆಯಲ್ಲಿ? ಎರಡು ಭಾಷೆ ಬಲ್ಲವರಿಗೆ ಧ್ವನಿ ಎರಡರಲ್ಲಿ ಯಾವುದರಲ್ಲಿಯೂ ಬರಬಹುದು. ಕಾರವಾರದ ಕಡೆಯವರಿಗೆ ಕೊಂಕಣಿ, ಮರಾಠಿ, ಕನ್ನಡ ಮೂರರಲ್ಲೂ ಕೇಳಿಸುವುದುಂಟು. ಅವನಿಗೇ ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತಾರಾ ಎಂದು ಅವನನ್ನೇ ಕೇಳಿ ನೋಡಿ. ಇಲ್ಲ ಎಂದೇ ಹೇಳುತ್ತಾನೆ ಎಂದು ನನ್ನ ಅಂದಾಜು.

ಹಾಗಾದರೆ ಈ ಮಾತು ಬರುವುದು ಎಲ್ಲಿಂದ? ಅವನದೇ ಮೆದುಳಿನಿಂದ. ನಾವೆಲ್ಲ ಮನಸ್ಸಿನೊಳಗೆ ಮಾತಾಡಿಕೊಳ್ಳುತ್ತಲೇ ಇರುತ್ತೇವೆ, ಅಲ್ವಾ? ಅದು ನಮ್ಮದೇ ಮಾತು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಯಾಕೆಂದರೆ ಮೆದುಳು ತಾನು ಮಾಡುವ ಕೆಲಸದ ಸೂಚನೆಯನ್ನು ತನಗೇ ಮೊದಲೇ ಕೊಟ್ಟುಕೊಂಡಿರುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರದಿರುವುದು ಇದರಿಂದಲೇ. ಸ್ಕಿಜೋಫ್ರೀನಿಯಾದಲ್ಲಿ ಈ ಸೂಚನೆ ಸರಿಯಾಗಿ ತಲುಪುವುದಿಲ್ಲ, ಹಾಗಾಗಿ ಒಳಗಿನ ಮಾತೇ ಹೊರಗಿನವರ ಮಾತಾಗಿ ಕೇಳಿಸುತ್ತದೆ ಎನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಧ್ವನಿ ಕೇಳಿಸುತ್ತಿರುವಾಗಲೇ ಮೆದುಳಿನ ಸ್ಕ್ಯಾನ್ ಮಾಡಿ ಲಂಡನ್ನಿನ ವೈದ್ಯರು 1993ರಲ್ಲಿ ನೋಡಿದಾಗ, ನಾವು ಮಾತಾಡಲು ಬಳಸುವ ಭಾಗವೇ ಚುರುಕಾಗಿತ್ತು. ಆಮೇಲಿನ ಸ್ಕ್ಯಾನ್‌ಗಳಲ್ಲಿ ನಿಜವಾದ ಸದ್ದು ಕೇಳುವ ಭಾಗವೂ ಕೆಲಸ ಮಾಡುತ್ತಿದ್ದುದು ಕಂಡಿದೆ. ಅದಕ್ಕೇ ‘ಸುಮ್ನೆ ನಿನ್ನ ಭ್ರಮೆ’ ಎಂದರೆ ಅವನು ಒಪ್ಪುವುದಿಲ್ಲ. ಅವನ ಮೆದುಳಿನ ಮಟ್ಟಿಗೆ ಅವನು ಕೇಳಿಸಿಕೊಂಡಿದ್ದಾನೆ.

ಇದು ಯಾಕೆ ಬರುತ್ತದೆ ಎನ್ನುವುದಕ್ಕೆ ಒಂದೇ ಕಾರಣ ಇಲ್ಲ. ವಂಶದಲ್ಲಿ ಸ್ವಲ್ಪ ಬರುತ್ತದೆ. ಜನಸಾಮಾನ್ಯರಲ್ಲಿ ಜೀವಮಾನದಲ್ಲಿ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ ಬಂದರೆ, ಒಡಹುಟ್ಟಿದವರಿಗೆ ಇದ್ದಾಗ ಅದು ನೂರರಲ್ಲಿ ಹತ್ತರ ಹತ್ತಿರಕ್ಕೆ ಹೋಗುತ್ತದೆ. ಅಂದರೆ ತೊಂಬತ್ತು ಜನರಿಗೆ ಬರುವುದಿಲ್ಲ. ನಿಮ್ಮ ಮಗಳಿಗೆ ಆ ಅಪಾಯ ಇನ್ನೂ ಕಡಿಮೆ. ಗಾಂಜಾ ಸೇವನೆ, ಅದರಲ್ಲೂ ಹದಿಹರೆಯದಲ್ಲಿ ಶುರು ಮಾಡಿದ್ದು, ಅಪಾಯ ಹೆಚ್ಚಿಸುತ್ತದೆ. ಇದನ್ನು ಅವನ ಹತ್ತಿರ ಬೈಯದೆ ಕೇಳಿ, ಡಾಕ್ಟರಿಗೂ ಹೇಳಿ. ನಿದ್ದೆಗೆಟ್ಟ ಕೆಲಸ, ಊರು ಬಿಟ್ಟ ಒಂಟಿತನ ಇವೂ ಸೇರಿಕೊಳ್ಳುತ್ತವೆ. ಆಯಿ ಸಾಕಿದ ರೀತಿಯಿಂದ ಬಂದದ್ದಲ್ಲ.

ಧ್ವನಿ ಕೇಳಿಸಿದವರಿಗೆಲ್ಲ ಈ ಕಾಯಿಲೆಯೇ ಎಂದೂ ತಿಳಿಯಬೇಡಿ. ನಿದ್ದೆ ಹತ್ತುವ ಹೊತ್ತಿಗೆ ಯಾರೋ ಹೆಸರು ಹಿಡಿದು ಕರೆದ ಹಾಗಾಗುವುದು ಎಷ್ಟೋ ಜನರಿಗೆ ಇದೆ. ಗಂಡ ಅಥವಾ ಹೆಂಡತಿ ತೀರಿಕೊಂಡ ಮೇಲೆ ಅವರ ಧ್ವನಿ ಕೇಳಿಸಿದ್ದನ್ನು ವೇಲ್ಸ್‌ನ ವೈದ್ಯ ಡಿ. ರೀಸ್ 1971ರಲ್ಲೇ ದಾಖಲಿಸಿದ್ದಾರೆ. ಅವರೆಲ್ಲ ಆರೋಗ್ಯವಾಗಿಯೇ ಇದ್ದವರು. ಕುಡಿತ ಏಕಾಏಕಿ ಬಿಟ್ಟಾಗ, ಜೋರು ಜ್ವರದಲ್ಲಿ, ಕೆಲವು ಥರದ ಮೂರ್ಛೆರೋಗದಲ್ಲಿ, ತೀವ್ರ ಖಿನ್ನತೆಯಲ್ಲಿಯೂ ಕೇಳಿಸುತ್ತದೆ. ಅದಕ್ಕೇ ಪರೀಕ್ಷೆ ಬೇಕು ಎನ್ನುವುದು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಹೌದು ಅನ್ನಬೇಕಾ, ಇಲ್ಲ ಅನ್ನಬೇಕಾ? ಎರಡೂ ಬೇಡ. ‘ಹೌದು, ನನಗೂ ಕೇಳಿಸಿತು’ ಎಂದರೆ ಅವನ ಸಂಶಯಕ್ಕೆ ನೀವೇ ಸಾಕ್ಷಿ ನುಡಿದ ಹಾಗಾಯಿತು. ನಾಳೆ ಅವನು ಆ ಅಜ್ಜಿಯ ಮನೆ ಬಾಗಿಲಿಗೆ ಹೋಗಿ ಜಗಳ ತೆಗೆದರೆ ಕಷ್ಟ. ‘ಏನೂ ಇಲ್ಲ, ಸುಮ್ನಿರು’ ಎಂದರೆ ಅವನು ಇನ್ನು ಮುಂದೆ ನಿಮಗೆ ಹೇಳುವುದನ್ನೇ ಬಿಡುತ್ತಾನೆ. ಅವನು ಹೇಳುವುದನ್ನು ಬಿಟ್ಟ ದಿನ ನೀವು ನಿಜವಾಗಿ ಹೆದರಬೇಕು. ಹೀಗೆ ಹೇಳಿ ನೋಡಿ: ‘ನಂಗೆ ಕೇಳಿಸ್ತಾ ಇಲ್ಲ. ಆದ್ರೆ ನಿಂಗೆ ಕೇಳಿಸ್ತದೆ ಅಂತ ಗೊತ್ತು. ಈಗ ಏನು ಹೇಳ್ತಾ ಇದ್ದಾರೆ? ಕೇಳಿ ಬೇಜಾರಾಗ್ತದಾ?’ ಅಷ್ಟೇ. ಆಮೇಲೆ ಅವನು ಮಾತಾಡಲಿ. ಅಂಥವರು ಅಲ್ಲಿ ಇಲ್ಲ ಎಂದು ವಾದ ಮಾಡಿ ಗೆಲ್ಲಲು ಹೋಗಬೇಡಿ. ಕೇಳಿಸಿಕೊಳ್ಳುವ ಸಂಕಟ ಇದೆಯಲ್ಲ, ಅದರ ಬಗ್ಗೆ ಮಾತಾಡಿ. ನನ್ನ ಕೆಲಸದಲ್ಲಿ ನಾನು ನೋಡಿದ್ದು ಇದು: ಎಷ್ಟೋ ಹುಡುಗರಿಗೆ ‘ಧ್ವನಿ ಏನು ಹೇಳುತ್ತದೆ’ ಎಂದು ಮನೆಯಲ್ಲಿ ಒಬ್ಬರೂ ಒಮ್ಮೆಯೂ ಕೇಳಿರುವುದಿಲ್ಲ. ನಾನು ಕೇಳಿದಾಗ ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ ಒಂದೊಂದಾಗಿ ಹೇಳುತ್ತಾರೆ. ಪಕ್ಕದಲ್ಲಿ ಕೂತ ತಾಯಿಗೆ ಅದೇ ಮೊದಲ ಸಲ ಗೊತ್ತಾಗುವುದು.

ಕೇಳುವುದಕ್ಕೆ ಇನ್ನೊಂದು ಕಾರಣ ಇದೆ. ಧ್ವನಿ ಅಪ್ಪಣೆ ಕೊಡುತ್ತದೆಯಾ ಎನ್ನುವುದು ತಿಳಿಯಬೇಕು. ‘ಸಾಯು’, ‘ಅವನಿಗೆ ಹೊಡಿ’ ಎಂಬಂಥ ಅಪ್ಪಣೆ. ಹೀಗೆ ನೇರವಾಗಿ ಕೇಳಿದರೆ ಅವನ ತಲೆಗೆ ಹೊಸದಾಗಿ ಆ ಯೋಚನೆ ಬರುವುದಿಲ್ಲ, ಅಳುಕದೆ ಕೇಳಿ. ಅಂಥ ಅಪ್ಪಣೆ ಇದೆ, ಪಾಲಿಸಬೇಕು ಅನ್ನಿಸುತ್ತದೆ ಎಂದರೆ ಅದೇ ದಿನ ಆಸ್ಪತ್ರೆ. ಹಾಗಂತ ಎಲ್ಲರ ಧ್ವನಿಯೂ ಕ್ರೂರವಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ, ನಮ್ಮ ಚೆನ್ನೈ ಮೂರೂ ಕಡೆ ತಲಾ 20 ಜನರನ್ನು ಕೂರಿಸಿಕೊಂಡು ಕೇಳಿದರು. 2015ರಲ್ಲಿ ಪ್ರಕಟವಾದ ಆ ವರದಿ ಪ್ರಕಾರ ಅಮೆರಿಕದವರಿಗೆ ಹಿಂಸೆಯ, ಕೊಲ್ಲುವ ಮಾತು ಹೆಚ್ಚು ಕೇಳಿಸುತ್ತಿತ್ತು. ಚೆನ್ನೈಯವರಲ್ಲಿ ಅನೇಕರಿಗೆ ಕೇಳಿಸುತ್ತಿದ್ದುದು ಮನೆಯ ಹಿರಿಯರ ಧ್ವನಿ. ಅಡುಗೆ ಮಾಡು, ಸ್ನಾನ ಮಾಡು ಎಂದು ಬುದ್ಧಿ ಹೇಳುವ, ಗದರುವ ಧ್ವನಿ. ನಾನೂ ನಮ್ಮ ಜಿಲ್ಲೆಯಲ್ಲಿ ಇಂಥವನ್ನು ಕೇಳಿದ್ದೇನೆ. ಸುತ್ತ ಜನ ಹೇಗಿದ್ದಾರೆ ಎನ್ನುವುದು ಧ್ವನಿಯ ಗುಣದ ಮೇಲೂ ಪ್ರಭಾವ ಬೀರುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅಪ್ಪನ ಹೊಡೆತ ನಿಲ್ಲಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ. ಸದಾ ಬೈಗುಳ, ಚುಚ್ಚುಮಾತು ಇರುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎನ್ನುವುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಮಗಳ ವಿಷಯ. ಈ ಕಾಯಿಲೆಯವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಎತ್ತುವುದಿಲ್ಲ. ಬೇರೆಯವರಿಂದ ಪೆಟ್ಟು ತಿನ್ನುವವರೇ ಜಾಸ್ತಿ. ಆದರೂ ಚಿಕಿತ್ಸೆ ಶುರುವಾಗಿ ಅವನು ತಹಬಂದಿಗೆ ಬರುವವರೆಗೆ ಮಗುವನ್ನು ಅವನೊಬ್ಬನ ಜೊತೆ ಬಿಡಬೇಡಿ. ಅವನ ಎದುರು ಅದನ್ನು ದೊಡ್ಡದು ಮಾಡಬೇಡಿ. ಮಗಳ ಬಗ್ಗೆ ಧ್ವನಿ ಏನಾದರೂ ಹೇಳುತ್ತದೆ ಎಂದು ಗೊತ್ತಾದರೆ ಅವಳನ್ನು ಸ್ವಲ್ಪ ದಿನ ನೆಂಟರ ಮನೆಯಲ್ಲಿ ಇಡಿ. ನನಗೆ ಇದಕ್ಕಿಂತ ಹೆಚ್ಚು ಚಿಂತೆ ನಿಮ್ಮ ತಮ್ಮನದೇ. ಈ ಕಾಯಿಲೆ ಇರುವವರಲ್ಲಿ ಸುಮಾರು 20ರಲ್ಲಿ ಒಬ್ಬರು ಆತ್ಮಹತ್ಯೆಯಿಂದ ಸಾಯುತ್ತಾರೆ, ಅದೂ ಶುರುವಿನ ವರ್ಷಗಳಲ್ಲೇ ಜಾಸ್ತಿ. ತೋಟಕ್ಕೆ ಹೊಡೆಯುವ ಔಷಧಿ, ಮನೆಯವರ ಗುಳಿಗೆ ಎಲ್ಲ ಬೀಗದೊಳಗೆ ಇರಲಿ.

ಈಗ ಗುಳಿಗೆ. ಕುತ್ತಿಗೆ ಸೆಟೆದದ್ದು ನೋಡಲು ಭಯಂಕರ. ಆದರೆ ಇದು ನಮಗೆ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್ ಥರದ ಔಷಧಿ ಶುರು ಮಾಡಿದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹರೆಯದ ಗಂಡುಮಕ್ಕಳಲ್ಲಿ ಬರುತ್ತದೆ. ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಮತ್ತೆ ಬರದ ಹಾಗೆ ಜೊತೆಗೆ ಇನ್ನೊಂದು ಗುಳಿಗೆ ಕೊಡಬಹುದು, ಪ್ರಮಾಣ ಇಳಿಸಬಹುದು, ಔಷಧಿಯನ್ನೇ ಬದಲಿಸಬಹುದು. ಇದನ್ನು ಯಾರಾದರೂ ನಿಮಗೆ ಮೊದಲೇ ಹೇಳಿದ್ದರೆ ನೀವು ನಿಲ್ಲಿಸುತ್ತಿರಲಿಲ್ಲ. ನಾಲಿಗೆ, ಗಂಟಲು ಸೆಟೆದು ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ಒಂದು ನಿಮಿಷವೂ ಕಾಯಬಾರದು.

ಓಲಾಂಝಪೈನ್ ಎನ್ನುವ ಇನ್ನೊಂದು ಔಷಧಿಯಲ್ಲಿ ಸೆಟೆತ ಕಡಿಮೆ. ಆದರೆ ಹಸಿವು ಜಾಸ್ತಿಯಾಗಿ ತೂಕ, ಸಕ್ಕರೆ ಏರುತ್ತವೆ. ಅರಿಪಿಪ್ರಜೋಲ್‌ನಲ್ಲಿ ತೂಕದ ಕಾಟ ಕಡಿಮೆ, ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದು. ಯಾವುದೂ ಪೂರ್ತಿ ನಿರಪಾಯ ಅಲ್ಲ. ಮೊದಲ ವಾರ ನಿದ್ದೆ, ಸಿಟ್ಟು ಹತೋಟಿಗೆ ಬರುತ್ತವೆ. ಧ್ವನಿ ತಗ್ಗಲು ಎರಡರಿಂದ ಆರು ವಾರ ಬೇಕು. ಕೆಲವರಿಗೆ ಧ್ವನಿ ಪೂರ್ತಿ ಹೋಗುತ್ತದೆ. ಕೆಲವರಿಗೆ ದೂರ ಹೋಗಿ ಸಣ್ಣದಾಗುತ್ತದೆ, ‘ಇದೆ, ಆದ್ರೆ ತಲೆ ಕೆಡಿಸ್ಕೊಳ್ಳೋದಿಲ್ಲ’ ಅನ್ನುತ್ತಾರೆ. ಸುಮಾರು ಮೂರರಲ್ಲೊಬ್ಬರಿಗೆ ಎರಡು ಔಷಧಿ ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಸಾಕಾಗುವುದಿಲ್ಲ. ಅಂಥವರಿಗೆ ಕ್ಲೋಝಪೈನ್ ಎನ್ನುವ ಔಷಧಿ ಇದೆ. ಅದಕ್ಕೆ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಮಾಡಿಸಬೇಕು, ಯಾಕೆಂದರೆ ಅಪರೂಪಕ್ಕೆ ಬಿಳಿ ರಕ್ತಕಣ ಕುಸಿಯುತ್ತವೆ. ಈ ಗುಳಿಗೆಗಳು ಚಟ ಹಿಡಿಸುವುದಿಲ್ಲ. ಜೀವನಪೂರ್ತಿ ಬೇಕೇ ಎಂದು ಈಗಲೇ ಹೇಳಲಾಗದು. ಮೊದಲ ಸಲ ಬಂದದ್ದಾದರೆ ಗುಣವಾದ ಮೇಲೂ ಒಂದೆರಡು ವರ್ಷವಾದರೂ ಮುಂದುವರಿಸಬೇಕು, ನಿಲ್ಲಿಸುವುದಿದ್ದರೆ ಡಾಕ್ಟರ ಜೊತೆ ಮಾತಾಡಿ ನಿಧಾನವಾಗಿ ಇಳಿಸಬೇಕು. ಆರಾಮಾಯಿತು ಎಂದು ತಾವೇ ಬಿಟ್ಟು ಮತ್ತೆ ಕಾಯಿಲೆ ಬಂದವರನ್ನು ನೋಡುವುದೇ ನಮಗೆ ದೊಡ್ಡ ಕೆಲಸ.

ಅವನು ಗುಳಿಗೆ ಬೇಡ ಅಂದರೆ ಗಂಜಿಯಲ್ಲಿ, ಚಾದಲ್ಲಿ ಕದ್ದು ಹಾಕಬಹುದಾ ಎಂದು ಬಹಳ ಮನೆಯವರು ಕೇಳುತ್ತಾರೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೇಡ. ತನ್ನ ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂದು ಮೊದಲೇ ಸಂಶಯ ಇರುವವನಿಗೆ ಒಂದು ದಿನ ಅದು ಸಿಕ್ಕಿಬಿದ್ದರೆ ಮತ್ತೆ ನಿಮ್ಮ ಕೈಯ ಅನ್ನವನ್ನೇ ಮುಟ್ಟುವುದಿಲ್ಲ. ‘ನಿದ್ದೆ ಬರ್ತದೆ, ಆ ಗಲಾಟೆ ಸ್ವಲ್ಪ ಕಡಿಮೆ ಆಗ್ತದೆ’ ಎಂದು ಹೇಳಿ. ಅವನಿಗೂ ಆ ಗಲಾಟೆ ಬೇಡವಾಗಿದೆ. ದಿನಾ ಗುಳಿಗೆ ತಪ್ಪುವವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್‌ಗಳೂ ಇವೆ.

ಔಷಧಿಯ ಜೊತೆ ಅವನೇ ಮಾಡಬಹುದಾದ್ದೂ ಇದೆ. ಕಾರವಾರದ ಕಡೆಯ ಬಲೆ ಹೆಣೆಯುವ ಒಬ್ಬರು ನನಗೆ ನೆನಪಾಗುತ್ತಾರೆ, ಗುರುತು ಬದಲಿಸಿ ಹೇಳುತ್ತೇನೆ. ಬೈಗುಳ ಶುರುವಾದ ಕೂಡಲೇ ಅವರು ಸಣ್ಣಗೆ ಭಜನೆ ಗುನುಗುತ್ತಾ ಹೆಣೆಯುತ್ತಿದ್ದರು. ಬಲೆಯ ಒಂದು ಸಾಲಿನ ಕಣ್ಣು ಮುಗಿಯುವಷ್ಟರಲ್ಲಿ ಧ್ವನಿ ತಗ್ಗುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ತಾವೇ ಕಂಡುಕೊಂಡದ್ದು. ಧ್ವನಿ ಕೇಳಿಸುವಾಗ ಕೆಲವರ ಗಂಟಲಿನ ಸ್ನಾಯುಗಳು ಸಣ್ಣಗೆ ಕೆಲಸ ಮಾಡುತ್ತಿರುವುದನ್ನು 1940ರ ದಶಕದಲ್ಲೇ ಅಳೆದು ನೋಡಿದ್ದಾರೆ. ಆ ಸ್ನಾಯುಗಳಿಗೆ ಬೇರೆ ಕೆಲಸ ಕೊಟ್ಟಾಗ ಧ್ವನಿ ತಗ್ಗುವುದು ಹೀಗಿರಬಹುದು. ಗುನುಗುವುದು, ಗಟ್ಟಿಯಾಗಿ ಓದುವುದು, ಯಾರ ಜೊತೆಗಾದರೂ ಮಾತಾಡುವುದು, ಇಯರ್‌ಫೋನಿನಲ್ಲಿ ಹಾಡು ಕೇಳುವುದು, ಯಾವುದು ಹಿಡಿಸುತ್ತದೋ ಅವನೇ ನೋಡಲಿ. ಹೊರಗೆ ಹೋದಾಗ ಧ್ವನಿಗೆ ಉತ್ತರ ಕೊಡಲೇಬೇಕು ಅನ್ನಿಸಿದರೆ ಮೊಬೈಲನ್ನು ಕಿವಿಗೆ ಹಿಡಿದು ಮಾತಾಡಲಿ, ಯಾರೂ ತಿರುಗಿ ನೋಡುವುದಿಲ್ಲ.

ದೇವರಿಗೆ ನಡೆದುಕೊಳ್ಳುವುದನ್ನು ಬಿಡಿ ಎಂದು ನಾನು ಯಾವತ್ತೂ ಹೇಳಿದವನಲ್ಲ. ಆಯಿಯ ಮನಸ್ಸಿಗೆ ಅದರಿಂದ ಧೈರ್ಯ ಬರುತ್ತದೆ ಎಂದರೆ ಪೂಜೆ ಆಗಲಿ, ಗುಳಿಗೆಯೂ ಆಗಲಿ. ನಾನು ಬೇಡ ಎನ್ನುವುದು ಮೆಣಸಿನ ಹೊಗೆ, ಬೆತ್ತದ ಪೆಟ್ಟು, ಉಪವಾಸ ಕೆಡಹುವುದು, ಕಟ್ಟಿಹಾಕುವುದು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ 28 ಜನ ಸತ್ತರು. ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಇನ್ನೊಂದು ಪ್ರಸಾದ, ಇನ್ನೊಂದು ನೋಟ ಎಂದು ತಿಂಗಳು ಕಳೆಯುವುದೂ ಬೇಡ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ.

ಮದುವೆ ಸದ್ಯಕ್ಕೆ ಖಂಡಿತ ಬೇಡ. ಮದುವೆಯಿಂದ ಈ ಕಾಯಿಲೆ ಗುಣವಾಗುವುದಿಲ್ಲ. ನಿದ್ದೆಗೆಟ್ಟು, ಜನಜಂಗುಳಿಯಲ್ಲಿ ಅವನಿಗೆ ಹೆಚ್ಚಾಗುವ ಸಂಭವವೇ ಜಾಸ್ತಿ. ಬರುವ ಹುಡುಗಿಗೆ ಮುಚ್ಚಿಟ್ಟರೆ ಅವಳ ಬಾಳಿಗೂ ಅನ್ಯಾಯ. ಅವನು ಚೇತರಿಸಿಕೊಂಡು, ಕೆಲಸಕ್ಕೆ ಹೋಗಿ, ತನಗೇ ಬೇಕು ಅನ್ನಿಸಿದಾಗ ಹುಡುಗಿಗೆ ಎಲ್ಲ ಹೇಳಿ ಮದುವೆಯಾಗಲಿ. ಹಾಗೆ ಮದುವೆಯಾಗಿ ಸಂಸಾರ ನಡೆಸುತ್ತಿರುವವರು ಇದ್ದಾರೆ.

ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ತಾಲೂಕು ಆಸ್ಪತ್ರೆಗಳಲ್ಲಿ ಅದು ಮಂಗಳವಾರ ನಡೆಯುವಂತೆ ಶುರುವಾದ ಕಾರ್ಯಕ್ರಮ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ದಾಖಲು ಮಾಡಬೇಕಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ರಾತ್ರಿ ಹೊತ್ತಿನಲ್ಲಿ ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಎನ್ನುವ ಸರಕಾರಿ ಸಹಾಯವಾಣಿ, ಕನ್ನಡದಲ್ಲಿ ಮಾತಾಡುತ್ತಾರೆ. ಅವನು ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ನೀವೊಬ್ಬರೇ ಮೊದಲು ಹೋಗಿ ವಿಷಯ ಹೇಳಿ ಬನ್ನಿ, ಮುಂದೆ ಹೇಗೆ ಎಂದು ಅಲ್ಲಿ ಹೇಳುತ್ತಾರೆ. ಹೋಗುವಾಗ ಹಳೆಯ ಡಾಕ್ಟರ ಚೀಟಿ ಮತ್ತು ಉಳಿದ ಗುಳಿಗೆಯ ಹಾಳೆ ತಪ್ಪದೆ ತೆಗೆದುಕೊಂಡು ಹೋಗಿ. ಯಾವ ಗುಳಿಗೆಯಿಂದ, ಎಷ್ಟನೇ ದಿನ ಕುತ್ತಿಗೆ ಸೆಟೆಯಿತು ಎನ್ನುವುದನ್ನು ಮೊದಲೇ ಹೇಳಿ.